ಉಗಿಯಂತ್ರಕ್ಕೂ ಮೊದಲೇ ಸಿರಿವಂತವಾಗಿದ್ದ ಹಾಲೆಂಡ್ ಅಲ್ಲಿಗೇ ಏಕೆ ನಿಂತಿತು?

ಕಾಲೇಜು ಮೇಷ್ಟ್ರು (ಪ್ರಶ್ನೆ)

ನಾನು ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಆರ್ಥಿಕ ಬೆಳವಣಿಗೆಯ ಅಧ್ಯಾಯ ಬಂದಾಗಲೆಲ್ಲ ಕರಿಹಲಗೆಯ ಮೇಲೆ ಒಂದು ಗೆರೆ ಎಳೆಯುವುದು ನನ್ನ ರೂಢಿ. ಸಾವಿರಾರು ವರ್ಷ ನೆಲಕ್ಕಂಟಿಕೊಂಡು ಮಲಗಿದ್ದ ತಲಾ ಆದಾಯದ ಗೆರೆ 1800ರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ತಲೆಯೆತ್ತುತ್ತದೆ. ಪಕ್ಕದಲ್ಲೇ ಮಾಲ್ತಸ್ 1798ರಲ್ಲಿ ಮಂಡಿಸಿದ ವಾದವನ್ನು ವಿವರಿಸುತ್ತೇನೆ: ಬೆಳೆ ಹೆಚ್ಚಿದರೆ ಜನ ಹೆಚ್ಚುತ್ತಾರೆ, ಜನ ಹೆಚ್ಚಿದರೆ ತಲೆಗೆ ದಕ್ಕುವ ಪಾಲು ಮತ್ತೆ ಹಳೆಯ ಮಟ್ಟಕ್ಕೆ ಇಳಿಯುತ್ತದೆ, ಆದ್ದರಿಂದ ಕೈಗಾರಿಕೆಗೆ ಮುಂಚಿನ ಸಮಾಜಗಳಲ್ಲಿ ಬೆಳವಣಿಗೆ ಎಂಬುದು ನಿಲ್ಲಲಾರದು.

ಈ ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ಈ ಗೆರೆಯಲ್ಲಿ ಹಾಲೆಂಡ್ ಎಲ್ಲಿದೆ?” ಎಂದು ಕೇಳಿದಳು. 17ನೇ ಶತಮಾನದಲ್ಲಿ, ಇಂದಿನ ನೆದರ್ಲೆಂಡ್ಸಿನ ಭಾಗವಾದ ಹಾಲೆಂಡ್ ಪ್ರಾಂತದ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣಗಳಲ್ಲಿ ವಾಸಿಸುತ್ತಿದ್ದರು. ಆಮ್‌ಸ್ಟರ್‌ಡ್ಯಾಮಿನ ಜನಸಂಖ್ಯೆ ಸುಮಾರು ನೂರು ವರ್ಷಗಳಲ್ಲಿ 30,000ದ ಆಸುಪಾಸಿನಿಂದ 2,00,000ದ ಹತ್ತಿರಕ್ಕೆ ಏರಿತ್ತು. ಕೂಲಿಯೂ ಯುರೋಪಿನಲ್ಲೇ ಹೆಚ್ಚಾಗಿತ್ತು. ಉಗಿಯಂತ್ರವಿಲ್ಲದೆ ಇಷ್ಟೆಲ್ಲ ಸಾಧ್ಯವಾದದ್ದು ಹೇಗೆ, ಸಾಧ್ಯವಾದ ಮೇಲೆ ಅಲ್ಲಿಗೇ ನಿಂತದ್ದೇಕೆ ಎಂಬುದು ಅವಳ ಪ್ರಶ್ನೆ. ನನ್ನ ಬಳಿ ಸಮರ್ಪಕ ಉತ್ತರವಿರಲಿಲ್ಲ. ಮುಂದಿನ ವಾರ ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ.

ಸಾಮಾನ್ಯವಾಗಿ ಮೂರು ವಿವರಣೆಗಳು ಕೇಳಿಬರುತ್ತವೆ. ಟ್ಯುಲಿಪ್ ಗಡ್ಡೆಗಳ ಸಟ್ಟಾ ವ್ಯಾಪಾರ 1637ರಲ್ಲಿ ಕುಸಿದು ದೇಶ ಮುಳುಗಿತು ಎಂಬುದು ಮೊದಲನೆಯದು. ಆದರೆ ಹಾಲೆಂಡಿನ ಅತ್ಯಂತ ಸಮೃದ್ಧ ದಶಕಗಳು ಬಂದದ್ದೇ ಅದರ ನಂತರ. ತಾತ ದುಡಿದ, ಮಗ ಕೂಡಿಟ್ಟ, ಮೊಮ್ಮಗ ಸೋಮಾರಿಯಾದ ಎಂಬುದು ಎರಡನೆಯದು. ಇದು ಎಲ್ಲ ದೇಶಗಳಿಗೂ ಹೊಂದುವ ಮಾತಾದ್ದರಿಂದ ಯಾವ ದೇಶವನ್ನೂ ವಿವರಿಸುವುದಿಲ್ಲ. ಹಾಲೆಂಡ್ ಸಣ್ಣ ದೇಶ ಎಂಬುದು ಮೂರನೆಯದು. ಆದರೆ ಅದು ಬೆಳೆಯುವಾಗಲೂ ಅಷ್ಟೇ ಸಣ್ಣದಾಗಿತ್ತು. ಈ ವಿಷಯವನ್ನು ಓದಿಕೊಂಡವರು ದಯವಿಟ್ಟು ತಿಳಿಸಿಕೊಡಬೇಕು. ಬರಿಯ ತೀರ್ಮಾನಕ್ಕಿಂತ, ಕಾರಣಗಳು ಒಂದರಿಂದೊಂದು ಹೇಗೆ ಹುಟ್ಟಿದವು ಎಂಬುದು ನನಗೆ ಬೇಕಾಗಿದೆ.

ಹಳೇ ಕಡತ

ನಿಮ್ಮ ವಿದ್ಯಾರ್ಥಿನಿಯ ಸಂದೇಹ ಸರಿಯಾದದ್ದು ಎಂಬುದನ್ನು ಮೊದಲು ಅವಳಿಗೆ ತಿಳಿಸಿ. ನೀವು ಹಲಗೆಯ ಮೇಲೆ ಎಳೆಯುವ ಮಲಗಿದ ಗೆರೆ ಇಡೀ ಲೋಕದ ಸರಾಸರಿ. ಒಂದು ಕಡೆ ಏರಿದ್ದು, ಇನ್ನೊಂದು ಕಡೆ ಇಳಿದದ್ದು, ಎರಡೂ ಸೇರಿ ಸಪಾಟಾಗಿ ಕಾಣುತ್ತದೆ. ಸುಂಗ್ ವಂಶದ ಕಾಲದ ಚೀನಾ, 14–15ನೇ ಶತಮಾನಗಳ ಉತ್ತರ ಇಟಲಿ, ಆಮೇಲೆ ಹಾಲೆಂಡ್: ಇವೆಲ್ಲ ತಮ್ಮ ತಮ್ಮ ಕಾಲದಲ್ಲಿ ನಿಜವಾಗಿಯೇ ಬೆಳೆದ ಪ್ರದೇಶಗಳು. ಬೆಳವಣಿಗೆ ಇರಲಿಲ್ಲ ಎನ್ನುವುದಕ್ಕಿಂತ, ಗಳಿಸಿದ್ದು ಉಳಿಯಲಿಲ್ಲ ಎನ್ನುವುದೇ ಆ ಕಾಲಕ್ಕೆ ಒಪ್ಪುವ ಮಾತು.

ಹಾಲೆಂಡಿನ ಕಥೆ ಹಡಗುಗಳಿಂದ ಆರಂಭವಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಆರಂಭವಾಗುವುದು ಕುಸಿಯುತ್ತಿದ್ದ ನೆಲದಿಂದ. ಆ ಪ್ರಾಂತದ ಬಹುಭಾಗ ಪೀಟ್ ಜೌಗು. ಪೂರ್ತಿ ಕೊಳೆಯದ ಸಸ್ಯರಾಶಿ ನೀರಿನಲ್ಲಿ ಸಾವಿರಾರು ವರ್ಷ ಪದರಪದರವಾಗಿ ಕೂತು ಆದ ಕಪ್ಪು ಮಣ್ಣು ಅದು; ಕತ್ತರಿಸಿ ಒಣಗಿಸಿದರೆ ಸೌದೆಯಂತೆ ಉರಿಯುತ್ತದೆ. 11ನೇ ಶತಮಾನದಿಂದ ಈಚೆಗೆ ರೈತರು ಅಲ್ಲಿ ಕಾಲುವೆ ತೋಡಿ, ನೀರು ಬಸಿದು ಉಳುಮೆಗೆ ಇಳಿದರು. ಯಾರೂ ಇಲ್ಲದ ಜೌಗಿಗೆ ಜನರನ್ನು ಕರೆತರಬೇಕಾಗಿದ್ದರಿಂದ ಹಾಲೆಂಡನ್ನು ಆಳುತ್ತಿದ್ದ ಕೌಂಟ್ ಎಂಬ ಪ್ರಭುಗಳು ಅವರಿಗೆ ಸ್ವತಂತ್ರ ರೈತರ ಹಕ್ಕು ಕೊಟ್ಟಿದ್ದರು. ಜೀತದ ಕಟ್ಟು ಅಲ್ಲಿ ಬೇರೂರಲೇ ಇಲ್ಲ. ಆದರೆ ನೀರು ಬಸಿದ ಪೀಟ್ ಗಾಳಿಗೆ ತೆರೆದುಕೊಂಡು ಕರಗುತ್ತದೆ, ನೆಲ ತಗ್ಗುತ್ತದೆ. ತಗ್ಗಿದ ನೆಲಕ್ಕೆ ನೀರು ಮತ್ತೆ ನುಗ್ಗುತ್ತದೆ, ಕಾಲುವೆಯನ್ನು ಇನ್ನಷ್ಟು ಆಳ ಮಾಡಬೇಕಾಗುತ್ತದೆ, ನೆಲ ಇನ್ನಷ್ಟು ತಗ್ಗುತ್ತದೆ. 15ನೇ ಶತಮಾನದ ಹೊತ್ತಿಗೆ ಅನೇಕ ಊರುಗಳಲ್ಲಿ ರೊಟ್ಟಿಯ ಧಾನ್ಯ ಬೆಳೆಯುವುದೇ ಅಸಾಧ್ಯವಾಯಿತು.

1514ರಲ್ಲಿ ತೆರಿಗೆ ನಿಗದಿಗಾಗಿ ಹಾಲೆಂಡಿನ ಊರೂರಿಗೂ ಹೋಗಿ ಹೇಳಿಕೆ ಪಡೆದ ಒಂದು ಸಮೀಕ್ಷೆ ನಡೆಯಿತು. ನೆಲವನ್ನೇ ನಂಬಿ ಬದುಕಲಾಗದು, ಹಸು ಸಾಕುತ್ತೇವೆ, ಮೀನು ಹಿಡಿಯುತ್ತೇವೆ, ಹಡಗಿನಲ್ಲಿ ಕೂಲಿಗೆ ಹೋಗುತ್ತೇವೆ, ಪೀಟ್ ಕಡಿಯುತ್ತೇವೆ ಎಂದು ಹಳ್ಳಿಯ ಜನ ಹೇಳಿದ್ದು ಅದರಲ್ಲಿ ದಾಖಲಾಗಿದೆ. ತೆರಿಗೆ ಕಡಿಮೆ ಮಾಡಿಸಿಕೊಳ್ಳಲು ಬಡತನವನ್ನು ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಂಡಿರಬಹುದು. ಆದರೂ ಕಸುಬುಗಳ ಆ ಪಟ್ಟಿ ಸುಳ್ಳಲ್ಲ. ಯುರೋಪಿನ ಬಹುಪಾಲು ಹಳ್ಳಿಗರು ತಮ್ಮ ರೊಟ್ಟಿಯನ್ನು ತಾವೇ ಬೆಳೆದುಕೊಳ್ಳುತ್ತಿದ್ದ ಕಾಲದಲ್ಲಿ ಇಲ್ಲಿಯ ಹಳ್ಳಿಗರು ಬೆಣ್ಣೆ, ಗಿಣ್ಣು ಮಾರಿ ರೊಟ್ಟಿ ಕೊಳ್ಳುತ್ತಿದ್ದರು. ಆ ರೊಟ್ಟಿಯ ರೈ ಧಾನ್ಯ ಬಾಲ್ಟಿಕ್ ಕಡಲಿನ ಪೋಲೆಂಡ್ ಬಂದರು ಡಾನ್ಜಿಗ್‌ನಿಂದ ಬರುತ್ತಿತ್ತು. ಡಚ್ಚರು ಈ ಧಾನ್ಯದ ವಹಿವಾಟನ್ನು “ತಾಯಿ ವ್ಯಾಪಾರ” ಎಂದು ಕರೆದರು, ಏಕೆಂದರೆ ಮಿಕ್ಕ ವ್ಯಾಪಾರಗಳೆಲ್ಲ ಅದರಿಂದ ಹುಟ್ಟಿದವು. ಧಾನ್ಯ ತರಲು ಹಡಗು ಬೇಕು, ಹೋಗುವಾಗ ತುಂಬಿಕೊಂಡು ಹೋಗಲು ಹೆರಿಂಗ್ ಮೀನು, ಉಪ್ಪು, ಬಟ್ಟೆ ಬೇಕು, ಹಡಗಿಗೆ ಮರ ಬೇಕು, ಮರವೂ ಬಾಲ್ಟಿಕ್ ಮತ್ತು ನಾರ್ವೆಯಿಂದಲೇ ಬರಬೇಕು. ಡೆನ್ಮಾರ್ಕಿನ ದೊರೆ ಬಾಲ್ಟಿಕ್ ಕಡಲಿನ ಬಾಗಿಲಾದ ಸೌಂಡ್ ಜಲಸಂಧಿಯಲ್ಲಿ ವಸೂಲು ಮಾಡುತ್ತಿದ್ದ ಸುಂಕದ ಪುಸ್ತಕಗಳು 1497ರಿಂದ ಉಳಿದುಬಂದಿವೆ. ಡಚ್ಚರ ಉಚ್ಛ್ರಾಯದ ಕಾಲದಲ್ಲಿ ಆ ಜಲಸಂಧಿ ದಾಟಿದ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಚ್ಚರವೇ.

ಇದಾದ ಮೇಲೆ ನಡೆದದ್ದು ಹೆಚ್ಚು ಪರಿಚಿತ. 1585ರಲ್ಲಿ ದಕ್ಷಿಣದ ದೊಡ್ಡ ಬಂದರು ನಗರ ಆಂಟ್‌ವರ್ಪ್ ಸ್ಪೇನಿನ ಸೇನೆಗೆ ಶರಣಾದಾಗ ನೇಕಾರರು, ವರ್ತಕರು, ಮುದ್ರಕರು ತಮ್ಮ ಹಣ ಮತ್ತು ಕಸುಬಿನೊಂದಿಗೆ ಉತ್ತರಕ್ಕೆ ವಲಸೆ ಬಂದರು. 1590ರ ದಶಕದಲ್ಲಿ ಹೋರ್ನ್ ಪಟ್ಟಣದಲ್ಲಿ ಫ್ಲೈಟ್ ಎಂಬ ಹಡಗು ರೂಪುಗೊಂಡಿತು: ಹೊಟ್ಟೆ ದೊಡ್ಡದು, ಫಿರಂಗಿ ಕಡಿಮೆ, ನಾವಿಕರು ಕಡಿಮೆ, ಆದ್ದರಿಂದ ಸಾಗಣೆಯ ವೆಚ್ಚವೂ ಕಡಿಮೆ. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ, 1609ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿನಿಮಯ ಬ್ಯಾಂಕ್ ಸ್ಥಾಪನೆಯಾದವು. 1612ರಲ್ಲಿ ನಗರದ ವರ್ತಕರು ಹಣ ಹೂಡಿ ಬೀಮ್‌ಸ್ಟರ್ ಎಂಬ ಸರೋವರವನ್ನೇ ಗಾಳಿಯಂತ್ರಗಳಿಂದ ಬರಿದು ಮಾಡಿ ಸುಮಾರು 7,000 ಹೆಕ್ಟೇರು ಹೊಲ ಮಾಡಿಕೊಂಡರು.

ಮಾಲ್ತಸನ ವಾದಕ್ಕೆ ಇಲ್ಲೊಂದು ತೊಡಕಿದೆ. 1500ರಿಂದ 1650ರೊಳಗೆ ಆ ನಾಡಿನ ಜನಸಂಖ್ಯೆ ಹತ್ತಿರಹತ್ತಿರ ಎರಡರಷ್ಟಾಯಿತು. 16ನೇ ಶತಮಾನದಲ್ಲಿ ಯುರೋಪಿನ ಬಹುಪಾಲು ಕಡೆ ಜನ ಹೆಚ್ಚಿದಂತೆ ಕೂಲಿಯ ನಿಜಬೆಲೆ ಕುಸಿಯಿತು. ಹಾಲೆಂಡಿನಲ್ಲಿ ಅದು ತಡೆದುಕೊಂಡು ನಿಂತಿತು, ಆಮೇಲೆ ಏರಿತು. ಹೊಟ್ಟೆಗೆ ಬೇಕಾದ ನೆಲವನ್ನು ಅವರು ಪೋಲೆಂಡಿನಿಂದ ಹಡಗಿನಲ್ಲಿ ತರಿಸಿಕೊಂಡರು ಎನ್ನಬಹುದು.

ಗಾಳಿಗಿರಣಿ

ಮೇಲಿನ ವಿವರಣೆಗೆ ಒಂದು ಮುಖ್ಯ ಅಂಶ ಸೇರಬೇಕು: ಶಕ್ತಿ. ನಾನು ಯಂತ್ರಶಾಸ್ತ್ರ ಓದಿದವನು. ಕೆಲಸದ ನಿಮಿತ್ತ ಆ ದೇಶಕ್ಕೆ ಹೋಗಿದ್ದಾಗ ಜಾನ್ ನದಿಯ ದಂಡೆಯಲ್ಲಿ ಮತ್ತೆ ಕಟ್ಟಿ ನಿಲ್ಲಿಸಿರುವ ಒಂದು ಮರ ಕೊಯ್ಯುವ ಗಾಳಿಗಿರಣಿಯ ಒಳಗೆ ಅರ್ಧ ದಿನ ಕಳೆದೆ. ಮೇಲೆ ರೆಕ್ಕೆ ತಿರುಗುತ್ತದೆ. ಒಳಗಿನ ಅಡ್ಡ ಅಚ್ಚು ನೇರವಾಗಿರದೆ ಮೂರು ಕಡೆ ಮೊಣಕೈಯಂತೆ ಬಾಗಿದೆ. ಅಚ್ಚು ಒಂದು ಸುತ್ತು ಬಂದರೆ ಅದರ ಮೊಣಕೈಗೆ ತೂಗುಬಿದ್ದ ಗರಗಸದ ಚೌಕಟ್ಟು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೋಗುತ್ತದೆ. ಚೌಕಟ್ಟು ಪ್ರತಿ ಸಲ ಇಳಿದೇಳುವಾಗ ಒಂದು ಕೊಕ್ಕೆ ಹಲ್ಲುಚಕ್ರವನ್ನು ಒಂದೇ ಒಂದು ಹಲ್ಲಿನಷ್ಟು ಎಳೆಯುತ್ತದೆ, ದಿಮ್ಮಿ ಅಷ್ಟೇ ಮುಂದೆ ಸರಿಯುತ್ತದೆ. ಗಾಳಿ ಜೋರಾದರೆ ಗರಗಸವೂ ಜೋರು, ದಿಮ್ಮಿಯ ನಡೆಯೂ ಜೋರು; ನಡುವೆ ಮನುಷ್ಯ ಏನನ್ನೂ ಸರಿಪಡಿಸಬೇಕಾಗಿಲ್ಲ. ಇದನ್ನು 1590ರ ದಶಕದಲ್ಲಿ ಕಟ್ಟಿದವನು ಔಟ್‌ಹೇಸ್ಟ್ ಊರಿನ ಕಾರ್ನೆಲಿಸ್ ಕಾರ್ನೆಲಿಸ್‌ಜೋನ್. ಆ ನದಿಯ ದಂಡೆಯಲ್ಲಿ ಮುಂದೆ ಇಂಥ ನೂರಾರು ಗಿರಣಿಗಳು ಎಣ್ಣೆ ತೆಗೆದವು, ಕಾಗದ ಮಾಡಿದವು, ಬಣ್ಣ ಅರೆದವು. ರಷ್ಯಾದ ಪೀಟರ್ ದೊರೆ 1697ರಲ್ಲಿ ಹಡಗು ಕಟ್ಟುವುದನ್ನು ಕಲಿಯಲು ಬಂದು ಇಳಿದದ್ದು ಇಲ್ಲಿಗೇ.

ಶಾಖಕ್ಕೆ ಪೀಟ್, ಚಲನೆಗೆ ಗಾಳಿ, ಸಾಗಣೆಗೆ ಕಾಲುವೆ. ಇಟ್ಟಿಗೆ ಭಟ್ಟಿ, ಬಿಯರ್, ಉಪ್ಪು, ಸಕ್ಕರೆ, ಬಟ್ಟೆ ಬಿಳುಪಿಸುವ ಕೆಲಸ ಎಲ್ಲವೂ ಪೀಟ್ ಬೆಂಕಿಯ ಮೇಲೆ ನಡೆದವು. ಆದರೆ ಈ ಎರಡು ಶಕ್ತಿಗಳಿಗೂ ಮೇಲ್ಮಿತಿ ಇತ್ತು. ಗಾಳಿ ಬೇಕೆಂದಾಗ ಬೀಸುವುದಿಲ್ಲ, ಬೀಸಿದ್ದನ್ನು ಕೂಡಿಡಲಾಗುವುದಿಲ್ಲ. ಪೀಟನ್ನು ನೀರಿನ ಮಟ್ಟಕ್ಕಿಂತ ಕೆಳಗೆ ತೋಡಿದ ಜಾಗ ಸರೋವರವಾಗುತ್ತದೆ, ಸರೋವರದ ಅಲೆ ದಂಡೆಯನ್ನು ಕೊರೆಯುತ್ತದೆ. ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಹಾರ್ಲೆಮ್ ಸರೋವರ ಹೀಗೆ ನೆಲ ನುಂಗುತ್ತಾ ಹೋದದ್ದನ್ನು ಕಂಡು ಜನ ಅದಕ್ಕೆ “ನೀರುತೋಳ” ಎಂದು ಹೆಸರಿಟ್ಟಿದ್ದರು. ಅಂದರೆ ಅವರು ತಮ್ಮ ನೆಲವನ್ನೇ ಉರಿಸಿ ಸಿರಿವಂತರಾದರು. ಕಲ್ಲಿದ್ದಲು ಅವರ ಕಾಲಡಿಯಲ್ಲಿ ಸಿಗುವಂತಿರಲಿಲ್ಲ, ಇಂಗ್ಲೆಂಡಿನಲ್ಲಿ ಸಿಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಹಾಲೆಂಡ್ ಏಕೆ ನಿಂತಿತು ಎಂಬುದಕ್ಕೆ ಮುಖ್ಯ ಉತ್ತರ ಇದು.

ಅವರಿಗೆ ಉಗಿಯಂತ್ರ ತಿಳಿದಿರಲಿಲ್ಲ ಎಂದು ಮಾತ್ರ ವಿದ್ಯಾರ್ಥಿಗಳಿಗೆ ಹೇಳಬೇಡಿ. ರಾಟರ್‌ಡ್ಯಾಮಿನ ಗಡಿಯಾರದ ಕುಶಲಕರ್ಮಿ ಸ್ಟೀವನ್ ಹೋಗೆನ್‌ಡೈಕ್ ಮುಂದೆ ನಿಂತು 1776ರಲ್ಲಿ ನೀರೆತ್ತುವ ಉಗಿಯಂತ್ರವೊಂದನ್ನು ಕೂರಿಸಿದರು. ಅದು ಸರಿಯಾಗಿ ಕೈಹಿಡಿಯಲಿಲ್ಲ. 1787ರಲ್ಲಿ ಬ್ಲೈಡೋರ್ಪ್‌ನಲ್ಲಿ ಕೂರಿಸಿದ ವ್ಯಾಟ್ ಮಾದರಿಯ ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು. ಆದರೂ ಅದು ಹರಡಲಿಲ್ಲ. ಎಲ್ಲೆಡೆ ಆಗಲೇ ಗಾಳಿಗಿರಣಿಗಳು ನಿಂತಿದ್ದವು, ಅವುಗಳ ಬೆಲೆ ತೀರಿಹೋಗಿತ್ತು, ಗಾಳಿಗೆ ದುಡ್ಡು ಕೊಡಬೇಕಾಗಿರಲಿಲ್ಲ. ಉಗಿಗೆ ಕಡಲಾಚೆಯ ಕಲ್ಲಿದ್ದಲು ಬೇಕಾಗಿತ್ತು.

ಲೈಡನ್ ವಾಸಿ

ಗಾಳಿಗಿರಣಿಯವರ ವಿವರಣೆ ಸೊಗಸಾಗಿದೆ, ಆದರೆ ತೀರ್ಮಾನವನ್ನು ನಾನು ಒಪ್ಪಲಾರೆ. ಇಂಗ್ಲೆಂಡಿನ ಕಲ್ಲಿದ್ದಲಿನ ಬಂದರು ನ್ಯೂಕಾಸಲ್‌ನಿಂದ ರಾಟರ್‌ಡ್ಯಾಮಿಗೂ ಲಂಡನ್ನಿಗೂ ಇರುವ ಕಡಲ ಹಾದಿ ಹೆಚ್ಚುಕಡಿಮೆ ಒಂದೇ. ಲಂಡನ್ನಿಗೆ ಕಡಲಿನ ಮೂಲಕ ಕಲ್ಲಿದ್ದಲು ತರಿಸುವುದು ಗಿಟ್ಟುತ್ತಿದ್ದರೆ, ಜಗತ್ತಿನಲ್ಲೇ ಅಗ್ಗದ ಹಡಗುಗಳಿದ್ದ ಹಾಲೆಂಡಿಗೆ ಗಿಟ್ಟದೆ ಹೋದದ್ದೇಕೆ? ಇಂಗ್ಲೆಂಡ್ ತನ್ನ ಕಲ್ಲಿದ್ದಲು ಹೊರಹೋಗುವಾಗ ಸುಂಕ ಹಾಕುತ್ತಿತ್ತು, ಹಾಲೆಂಡ್ ಅದು ಒಳಬರುವಾಗ ತೆರಿಗೆ ಹಾಕುತ್ತಿತ್ತು. ಗಣಿ ದೂರವಿತ್ತು ಎನ್ನುವುದಕ್ಕಿಂತ ತೆರಿಗೆ ಹತ್ತಿರವಿತ್ತು ಎನ್ನುವುದು ಸರಿ. ನಾನು ಹನ್ನೊಂದು ವರ್ಷಗಳಿಂದ ಲೈಡನ್‌ನಲ್ಲಿದ್ದೇನೆ, ಆದ್ದರಿಂದ ಈ ಊರಿನ ಉದಾಹರಣೆಯಿಂದಲೇ ಹೇಳುತ್ತೇನೆ.

ಇಲ್ಲಿ 1640ರಲ್ಲಿ ಕಟ್ಟಿದ ಲಾಕೆನ್‌ಹಾಲ್ ಎಂಬ ಉಣ್ಣೆಬಟ್ಟೆಯ ಪರೀಕ್ಷಾಮಂದಿರ ಈಗ ವಸ್ತುಸಂಗ್ರಹಾಲಯವಾಗಿದೆ. ನೇಯ್ದ ಬಟ್ಟೆಯನ್ನು ಇಲ್ಲಿಗೆ ತಂದು, ಅಗಲ, ಉದ್ದ, ಬಣ್ಣ, ಎಳೆಯ ದಟ್ಟಣೆಯನ್ನು ನೋಡಿ, ತೇರ್ಗಡೆಯಾದರೆ ಅಂಚಿಗೆ ಸೀಸದ ಮುದ್ರೆ ಒತ್ತುತ್ತಿದ್ದರು. ಗಾಜಿನ ಹಿಂದೆ ಇಟ್ಟಿರುವ ಆ ಬಿಲ್ಲೆಗಳು ಬಡವಾದ ಬೂದು ಬಣ್ಣದವು. ಆದರೆ ಆ ಬಿಲ್ಲೆ ಇದ್ದ ಬಟ್ಟೆಯನ್ನು ದೂರದ ಲೆವಾಂಟಿನ (ಪೂರ್ವ ಮೆಡಿಟರೇನಿಯನ್ ತೀರದ) ವ್ಯಾಪಾರಿ ಬಿಚ್ಚಿ ನೋಡದೆಯೇ ಕೊಳ್ಳಬಹುದಿತ್ತು. 1660ರ ದಶಕದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ತುಂಡು ಬಟ್ಟೆ ಈ ಊರಿನಿಂದ ಹೊರಡುತ್ತಿತ್ತು, ಊರಿನ ಜನ 70,000ದ ಹತ್ತಿರವಿದ್ದರು. 18ನೇ ಶತಮಾನದ ಕೊನೆಗೆ ಅದರ ಅರ್ಧಕ್ಕಿಂತ ಕಡಿಮೆ ಉಳಿದಿದ್ದರು.

ನೇಕಾರರು ಸೋಮಾರಿಗಳಾದರೆಂದು ಹೇಳುವವರು ಆ ಕಾಲದ ಒಂದು ಮನೆಯ ಖರ್ಚನ್ನು ಲೆಕ್ಕ ಹಾಕಬೇಕು. ಹಿಟ್ಟು ಬೀಸಿದರೆ ತೆರಿಗೆ. ಬಿಯರ್‌ಗೆ, ಪೀಟ್‌ಗೆ, ಸೋಪಿಗೆ, ಉಪ್ಪಿಗೆ, ಮಾಂಸಕ್ಕೆ ತೆರಿಗೆ. ಬದುಕಿನ ವೆಚ್ಚ ಏರಿದ್ದರಿಂದ ಕೂಲಿಯೂ ಏರಿ, ಏರಿದ ಮಟ್ಟದಲ್ಲೇ ಗಟ್ಟಿಯಾಯಿತು. 1660ರ ದಶಕದ ನಂತರ ಯುರೋಪಿನಲ್ಲಿ ಬೆಲೆಗಳು ಇಳಿದರೂ ಇಲ್ಲಿಯ ಕೂಲಿ ಇಳಿಯಲಿಲ್ಲ. ಇದು ಕೆಲಸವಿದ್ದವನಿಗೆ ಒಳ್ಳೆಯದಾಗಿತ್ತು, ಆದರೆ ಕೆಲಸ ಕೊಡುವವನು ಮಗ್ಗವನ್ನು ದಕ್ಷಿಣದ ಕಡಿಮೆ ಕೂಲಿಯ ಊರುಗಳಾದ ಟಿಲ್‌ಬರ್ಗ್‌ಗೆ, ವೆರ್ವಿಯೆಗೆ ಸಾಗಿಸಿದ. ಇದೇ ಹೊತ್ತಿಗೆ ನೆರೆಯವರು ಬಾಗಿಲು ಹಾಕಿಕೊಂಡರು: 1651ರಲ್ಲಿ ಇಂಗ್ಲೆಂಡಿಗೆ ಬೇರೆ ದೇಶಗಳ ಸರಕನ್ನು ಡಚ್ ಹಡಗುಗಳು ತರುವುದನ್ನು ತಡೆದ ನೌಕಾ ಕಾಯಿದೆ, 1667ರಲ್ಲಿ ಫ್ರಾನ್ಸಿನಲ್ಲಿ ಹಣಕಾಸು ಮಂತ್ರಿ ಕೋಲ್ಬೆರ್‌ನ ಸುಂಕ. 1672ರಲ್ಲಂತೂ ಫ್ರಾನ್ಸ್, ಇಂಗ್ಲೆಂಡ್ ಮತ್ತು ಎರಡು ಜರ್ಮನ್ ಸಂಸ್ಥಾನಗಳು ಒಟ್ಟಿಗೆ ಮೇಲೆ ಬಿದ್ದವು. ಡಚ್ಚರು ಆ ವರ್ಷವನ್ನು ಇಂದಿಗೂ “ವಿಪತ್ತಿನ ವರ್ಷ” ಎಂದೇ ಕರೆಯುತ್ತಾರೆ.

ತೆರಿಗೆಯನ್ನು ಇಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಳಿಸಲಾಗದಂತೆ ಕಟ್ಟಿಹಾಕಿದ್ದು ಸಾಲ. ಹಾಲೆಂಡ್ ಪ್ರಾಂತಕ್ಕೆ ಸಾಲ ಹುಟ್ಟುವುದು ಸುಲಭವಾಗಿತ್ತು; 1655ರ ಹೊತ್ತಿಗೇ ಅದು ಶೇ. 4ರ ಬಡ್ಡಿಗೆ ಸಾಲ ಎತ್ತುತ್ತಿತ್ತು, ಬೇರೆ ದೊರೆಗಳಿಗೆ ಅದು ಕನಸಿನ ಮಾತು. ಆ ಸಾಲದಿಂದಲೇ ಅದು ತನಗಿಂತ ಹಲವು ಪಟ್ಟು ದೊಡ್ಡದಾದ ಫ್ರಾನ್ಸಿನೆದುರು ನಾಲ್ಕು ದಶಕ ಯುದ್ಧ ಮಾಡಿತು. 1713ರಲ್ಲಿ ಶಾಂತಿಯಾದಾಗ ಪ್ರಾಂತದ ತೆರಿಗೆ ಆದಾಯದ ಸುಮಾರು ಮೂರನೇ ಎರಡು ಭಾಗ ಬಡ್ಡಿಗೇ ಹೋಗುತ್ತಿತ್ತು. ಬಡ್ಡಿ ಪಡೆಯುತ್ತಿದ್ದವರು ಯಾರು? ಬಹುಮಟ್ಟಿಗೆ ನಗರಸಭೆಗಳಲ್ಲಿ ಕೂತಿದ್ದ ಮನೆತನಗಳೇ. ನೇಕಾರನ ಮನೆಯ ಹಿಟ್ಟಿನಿಂದ ಎದ್ದ ಹಣ ಪ್ರಾಂತದ ಬೊಕ್ಕಸವನ್ನು ಹಾದು ಸಾಲಪತ್ರದ ಒಡೆಯನ ಮನೆ ಸೇರುತ್ತಿತ್ತು. ಊರಿನಲ್ಲಿ ಹೂಡಲು ಲಾಭದ ಕಸುಬು ಕಾಣದೆ ಅವನು ಅದನ್ನು ಇಂಗ್ಲೆಂಡಿನ ಸರ್ಕಾರಿ ಸಾಲಕ್ಕೆ ಹಾಕುತ್ತಿದ್ದ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮರೆಮಾಚುವುದಿಲ್ಲ. 1748ರಲ್ಲಿ ಜನಕ್ಕೂ ಸಿಟ್ಟು ಬಂದಿತ್ತು: ತೆರಿಗೆ ಗುತ್ತಿಗೆದಾರರ ಮನೆಗಳಿಗೆ ನುಗ್ಗಿ ಸಾಮಾನುಗಳನ್ನು ಕಾಲುವೆಗೆ ಎಸೆದರು. ಗುತ್ತಿಗೆ ಪದ್ಧತಿ ರದ್ದಾಯಿತು, ತೆರಿಗೆಯ ಭಾರ ಉಳಿಯಿತು.

ಇದರ ಜೊತೆಗೆ ನೆಲ ಮತ್ತು ನೀರಿನ ಹೊಡೆತಗಳೂ ಇದ್ದವು. 1730ರ ದಶಕದ ಆರಂಭದಲ್ಲಿ ಕಡಲತಡಿಯ ಕಟ್ಟೆಗಳ ಮರದ ಗೂಟಗಳನ್ನು ಹಡಗುಹುಳು ಟೊಳ್ಳು ಮಾಡಿರುವುದು ಕಂಡುಬಂದು, ಹೊರಗಿನಿಂದ ಕಲ್ಲು ತರಿಸಿ ಕಟ್ಟೆಗಳಿಗೆ ಹೊದಿಸಬೇಕಾಯಿತು. ಆ ಶತಮಾನದಲ್ಲಿ ದೊಡ್ಡರೋಗ ಮತ್ತೆ ಮತ್ತೆ ಬಂದು ಹಸುಗಳನ್ನು ಕೊಂದಿತು.

ಮೇಷ್ಟ್ರೇ, ಎಂದಾದರೂ ಇಲ್ಲಿಗೆ ಬಂದರೆ ಎಂಕ್‌ಹೌಜೆನ್‌ಗೆ ಹೋಗಿ ಬನ್ನಿ. 17ನೇ ಶತಮಾನದ ಆರಂಭದಲ್ಲಿ 20,000ಕ್ಕೂ ಹೆಚ್ಚು ಜನರಿದ್ದ ಹೆರಿಂಗ್ ಮೀನಿನ ಬಂದರು ಅದು. 1795ರ ಹೊತ್ತಿಗೆ ಮೂರನೇ ಒಂದು ಭಾಗವಷ್ಟೇ ಉಳಿದಿತ್ತು. ಕೋಟೆಯ ಗೋಡೆಯ ಒಳಗೆ ಖಾಲಿಯಾದ ಮನೆಗಳನ್ನು ಕೆಡವಿ ಇಟ್ಟಿಗೆ ಮಾರಿದರು, ಖಾಲಿ ಜಾಗಕ್ಕೆ ರೈತರು ಬಂದರು. ಊರಿನ ಆ ಭಾಗಕ್ಕೆ ಈಗಲೂ “ರೈತರ ಮೂಲೆ” ಎಂದೇ ಹೆಸರು. ನಾನು ಸೈಕಲ್ಲಿನಲ್ಲಿ ಅಲ್ಲಿ ಸುತ್ತಿದಾಗ ಕೋಟೆಯೊಳಗೇ ಹಳೆಯ ಹೊಲಮನೆಗಳು ನಿಂತಿರುವುದನ್ನು ಕಂಡು ಬಹಳ ಹೊತ್ತು ಅಲ್ಲೇ ನಿಂತೆ. ಪಟ್ಟಣವೊಂದು ಮತ್ತೆ ಹಳ್ಳಿಯಾಗಬಹುದು ಎಂಬುದನ್ನು ಅಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಕಡಲ ಕರೆ

ಇಷ್ಟು ಹೊತ್ತು ಚರ್ಚಿಸಿದರೂ ಜಾಯಿಕಾಯಿಯ ಹೆಸರನ್ನು ಯಾರೂ ಎತ್ತಲಿಲ್ಲ ಎಂಬುದು ನನಗೆ ನೋವು ತಂದಿದೆ. 1621ರಲ್ಲಿ ಯಾನ್ ಪೀಟರ್‌ಜೋನ್ ಕೂನ್ ಎಂಬ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಇಂದಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಜನರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಇಲ್ಲವಾಗಿಸಿದ. ಸಾವಿರಾರು ಮಂದಿ ಸತ್ತರು, ಉಳಿದವರಲ್ಲಿ ಬಹಳ ಮಂದಿ ಗುಲಾಮರಾಗಿ ಸಾಗಿಸಲ್ಪಟ್ಟರು, ತೋಟದ ಕೆಲಸಕ್ಕೆ ಬೇರೆಡೆಯಿಂದ ಗುಲಾಮರನ್ನು ತಂದರು. ದಕ್ಷಿಣ ಅಮೆರಿಕದ ಸುರಿನಾಮಿನ ಸಕ್ಕರೆ ತೋಟಗಳ ಕಥೆಯೂ ಇಂಥದ್ದೇ. ನಮ್ಮ ಕರಾವಳಿಗೂ ಆ ಕಂಪನಿ ಬಂದಿತ್ತು. 1663ರಲ್ಲಿ ಕೊಚ್ಚಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡ ಡಚ್ಚರು 17ನೇ ಶತಮಾನದ ಉತ್ತರಾರ್ಧದಲ್ಲಿ ಕೆಳದಿ ಅರಸರ ಆಳ್ವಿಕೆಯ ಬಸ್ರೂರಿನಲ್ಲಿ ಕೋಠಿ ಇಟ್ಟುಕೊಂಡು ಅಕ್ಕಿ, ಮೆಣಸು ಕೊಳ್ಳುತ್ತಿದ್ದರು. ಇಲ್ಲಿ ಅವರು ಬಾಂಡಾದಲ್ಲಿ ಮಾಡಿದ್ದನ್ನು ಮಾಡಲಾಗಲಿಲ್ಲ, ಏಕೆಂದರೆ ಇಲ್ಲಿ ಬಲವಾದ ಅರಸೊತ್ತಿಗೆ ಇತ್ತು, ಕೊಳ್ಳಲು ಬೇರೆ ವ್ಯಾಪಾರಿಗಳೂ ಇದ್ದರು. ಆ ನಾಡಿನ ಬೆಳವಣಿಗೆಯನ್ನು ಪೀಟ್ ಮತ್ತು ಗಾಳಿಯಿಂದ ಮಾತ್ರ ವಿವರಿಸಿದರೆ ವಿದ್ಯಾರ್ಥಿಗಳಿಗೆ ಅರ್ಧ ಕಥೆಯನ್ನಷ್ಟೇ ಹೇಳಿದಂತಾಗುತ್ತದೆ.

ಹಳೇ ಕಡತ

ಕಡಲ ಕರೆಯವರ ಆಕ್ಷೇಪವನ್ನು ಒಪ್ಪುತ್ತೇನೆ. ನಾನೇ ಅದನ್ನು ಹೇಳಬೇಕಾಗಿತ್ತು. ಒಂದು ವಿಷಯವನ್ನು ಮಾತ್ರ ಬೇರ್ಪಡಿಸಿ ನೋಡಬೇಕು. 1602ಕ್ಕೆ ಮುಂಚೆಯೇ ಹಾಲೆಂಡ್ ಬೆಳೆಯತೊಡಗಿತ್ತು, ಮತ್ತು ಉಚ್ಛ್ರಾಯದಲ್ಲೂ ಏಷ್ಯಾದ ವ್ಯಾಪಾರಕ್ಕಿಂತ ಯುರೋಪಿನೊಳಗಿನ ಧಾನ್ಯ, ಮರ, ಮೀನು, ಬಟ್ಟೆಯ ವ್ಯಾಪಾರದಲ್ಲೇ ಹೆಚ್ಚು ಹಡಗುಗಳೂ ಹೆಚ್ಚು ಜನರೂ ತೊಡಗಿದ್ದರು. ಆದ್ದರಿಂದ ಬಾಂಡಾದ ಜಾಯಿಕಾಯಿ ಬೆಳವಣಿಗೆಯ ಮೂಲವೆಂದು ಹೇಳಲಾರೆ. ಆದರೆ ಕಂಪನಿಯ ಪಾಲುದಾರರ ಮನೆಗಳಿಗೆ ಬಂದ ಲಾಭದಲ್ಲಿ ಆ ರಕ್ತವಿದೆ, ಅದನ್ನು ಬಿಟ್ಟು ಪಾಠ ಮಾಡುವುದು ತಪ್ಪು.

ಶಕ್ತಿಯೋ ತೆರಿಗೆಯೋ ಎಂಬ ಜಗಳದಲ್ಲಿ ನಾನು ಲೈಡನ್ ವಾಸಿಯವರ ಕಡೆಗೆ ಹೆಚ್ಚು ವಾಲುತ್ತೇನೆ, ಪೂರ್ತಿಯಾಗಿ ಅಲ್ಲ.

ಕಾಲೇಜು ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ಗೊಂದಲ ಉಳಿದಿದೆ. ಲೈಡನ್ ಮತ್ತು ಎಂಕ್‌ಹೌಜೆನ್ ಕ್ಷೀಣಿಸಿದವು ಎಂಬುದು ಅರ್ಥವಾಯಿತು. ಆದರೆ ಒಟ್ಟು ದೇಶದ ತಲಾ ಆದಾಯವೂ ಬಿದ್ದಿತೇ, ಅಥವಾ ಇಂಗ್ಲೆಂಡ್ ಮೇಲೇರಿದ್ದರಿಂದ ಇದು ಇಳಿದಂತೆ ಕಂಡಿತೇ? ಹಲಗೆಯ ಮೇಲೆ ಹಾಲೆಂಡಿನ ಗೆರೆಯನ್ನು ಹೇಗೆ ಎಳೆಯಲಿ?

ಹಳೇ ಕಡತ

1500ರ ಸುಮಾರಿನಿಂದ 1670ರವರೆಗೆ ಏರುವ ಗೆರೆ ಎಳೆಯಿರಿ. ಅಲ್ಲಿಂದ 1780ರವರೆಗೆ ಸಣ್ಣ ಏರಿಳಿತಗಳೊಂದಿಗೆ ಹೆಚ್ಚುಕಡಿಮೆ ಸಮವಾಗಿ ಎಳೆಯಿರಿ. ಕೈಗಾರಿಕೆಯ ಪಟ್ಟಣಗಳು ಬರಿದಾಗುತ್ತಿದ್ದರೂ ಆಮ್‌ಸ್ಟರ್‌ಡ್ಯಾಮಿನ ಹಣಕಾಸು, ಏಷ್ಯಾ ಮತ್ತು ಅಮೆರಿಕದ ಸರಕು, ಸುಧಾರಿಸಿದ ಬೇಸಾಯ ಒಟ್ಟು ಆದಾಯವನ್ನು ಹಿಡಿದು ನಿಲ್ಲಿಸಿದವು. 18ನೇ ಶತಮಾನದ ಬಹುಭಾಗ ಆ ದೇಶದ ತಲಾ ಆದಾಯ ಇಂಗ್ಲೆಂಡಿಗಿಂತ ಕಡಿಮೆಯಾಗಿರಲಿಲ್ಲ. ನಿಜವಾದ ಕುಸಿತ ಆಮೇಲಿನದು. 1780–84ರ ಇಂಗ್ಲಿಷ್ ಯುದ್ಧದಲ್ಲಿ ಹಡಗುಗಳು ಕೈತಪ್ಪಿದವು. 1795ರಲ್ಲಿ ಫ್ರೆಂಚ್ ಸೇನೆ ಒಳಬಂತು. 1799ರ ಕೊನೆಗೆ ಈಸ್ಟ್ ಇಂಡಿಯಾ ಕಂಪನಿ ಮುಗಿಯಿತು. 1806ರಿಂದ ನೆಪೋಲಿಯನ್ನನ ದಿಗ್ಬಂಧನ ಬಂದರುಗಳನ್ನು ಮುಚ್ಚಿಸಿತು. 1810ರಲ್ಲಿ ಅವನು ದೇಶವನ್ನೇ ಫ್ರಾನ್ಸಿಗೆ ಸೇರಿಸಿಕೊಂಡು ಸರ್ಕಾರಿ ಸಾಲದ ಬಡ್ಡಿಯಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಕೊಡುವುದಾಗಿ ಘೋಷಿಸಿದ. ನೇಕಾರನಿಂದ ಹಿಂಡಿ ತಂದು ಸಾಲಪತ್ರದಲ್ಲಿ ಇಟ್ಟಿದ್ದ ಸಂಪತ್ತು ಆ ಒಂದು ಆಜ್ಞೆಯಿಂದ ಕರಗಿತು.

ಪಕ್ಕದಲ್ಲಿ ಉತ್ತರ ಇಟಲಿಯ ಗೆರೆಯನ್ನೂ ಎಳೆಯಿರಿ. ಅಲ್ಲಿ 1629–31ರ ಪ್ಲೇಗ್ ನಗರಗಳನ್ನು ಅರ್ಧಂಬರ್ಧ ಖಾಲಿ ಮಾಡಿತು. ವೆನಿಸ್ 1602ರಲ್ಲಿ ಸುಮಾರು 28,000 ತುಂಡು ಉಣ್ಣೆಬಟ್ಟೆ ನೇಯುತ್ತಿತ್ತು. ಶತಮಾನದ ಕೊನೆಗೆ ಅದು ಕೆಲವೇ ಸಾವಿರಕ್ಕೆ ಇಳಿಯಿತು. ಇಂಗ್ಲೆಂಡಿನ ಗೆರೆ 1650ರ ಮುಂಚೆ ಏರಿ ಮತ್ತೆ ಇಳಿಯುತ್ತದೆ, ಆಮೇಲೆ ಇಳಿಯುವ ವರ್ಷಗಳು ವಿರಳವಾಗುತ್ತವೆ. ಒಳ್ಳೆಯ ವರ್ಷಗಳ ಏರಿಕೆಯನ್ನು ಮಾತ್ರ ನೋಡಿದರೆ ಈ ಮೂರು ನಾಡುಗಳ ನಡುವಿನ ಅಂತರ ಬಹಳವಲ್ಲ. ಕೆಟ್ಟ ವರ್ಷಗಳು ಎಷ್ಟು ಸಲ ಬಂದವು, ಬಂದಾಗ ಎಷ್ಟು ಕಸಿದುಕೊಂಡು ಹೋದವು ಎಂಬಲ್ಲಿ ಅಂತರವಿದೆ.

ಗಾಳಿಗಿರಣಿ

ಲೈಡನ್ ವಾಸಿಯವರಿಗೆ ಒಂದು ಪ್ರಶ್ನೆ. ಲೈಡನ್‌ನ ಮಗ್ಗಗಳು ಹೋದದ್ದು ವೆರ್ವಿಯೆಗೆ ಎಂದಿರಿ. ವಿಲಿಯಂ ಕಾಕೆರಿಲ್ ಎಂಬ ಇಂಗ್ಲಿಷ್ ಕುಶಲಕರ್ಮಿ 1799ರಲ್ಲಿ ಬಂದು, ಯುರೋಪ್ ಖಂಡದ ಮೊದಲ ಉಣ್ಣೆ ನೂಲುವ ಯಂತ್ರಗಳನ್ನು ಕಟ್ಟಿಕೊಟ್ಟದ್ದು ಅದೇ ಊರಿನಲ್ಲಿ. ಪಕ್ಕದ ಲಿಯೇಜ್‌ನಲ್ಲಿ ಕಲ್ಲಿದ್ದಲು ಇತ್ತು. ಇದು ನನ್ನ ವಾದಕ್ಕೆ ಬಲ ಕೊಡುವುದಿಲ್ಲವೇ?

ಲೈಡನ್ ವಾಸಿ

ಅರ್ಧದಷ್ಟು ಕೊಡುತ್ತದೆ. ಮಗ್ಗಗಳು ವೆರ್ವಿಯೆಗೆ ಹೋಗತೊಡಗಿದ್ದು 17ನೇ ಶತಮಾನದಲ್ಲೇ. ಆಗ ಅಲ್ಲಿ ಉಗಿಯಂತ್ರದ ಸುಳಿವೂ ಇರಲಿಲ್ಲ, ಅಲ್ಲಿಗೆ ಸೆಳೆದದ್ದು ಹಳ್ಳಿಯ ಕಡಿಮೆ ಕೂಲಿ ಮತ್ತು ವೆಸ್ಡ್ರೆ ಹೊಳೆಯ ನೀರು. ಕಾಕೆರಿಲ್‌ನ ಯಂತ್ರಗಳು ಕೂಡ ಮೊದಲು ತಿರುಗಿದ್ದು ಹೊಳೆಯ ನೀರಿನಿಂದ. ಆದರೆ ಆಮೇಲೆ ಉಗಿಗೆ ಹೊರಳಬೇಕಾದಾಗ ಕಲ್ಲಿದ್ದಲು ಪಕ್ಕದಲ್ಲಿದ್ದುದರಿಂದ ಅವರಿಗೆ ತಡವಾಗಲಿಲ್ಲ, ಇಲ್ಲಿಯವರಿಗೆ ಆಯಿತು. ಅಷ್ಟನ್ನು ನಿಮಗೆ ಬಿಟ್ಟುಕೊಡುತ್ತೇನೆ. ಮೇಷ್ಟ್ರು ತರಗತಿಯಲ್ಲಿ ಈ ಎರಡೂರುಗಳನ್ನು ಅಕ್ಕಪಕ್ಕ ಇಟ್ಟು ವಿವರಿಸಿದರೆ, ಕಲ್ಲಿದ್ದಲಿಗೆ ನೂರು ವರ್ಷ ಮೊದಲೇ ಮಗ್ಗಗಳು ಏಕೆ ಹೊರಟವು ಎಂಬಲ್ಲಿಂದ ಆರಂಭಿಸಲಿ ಎಂಬುದು ನನ್ನ ಕೋರಿಕೆ.

ಕಾಲೇಜು ಮೇಷ್ಟ್ರು

ಹಾಗೆಯೇ ಮಾಡುತ್ತೇನೆ. ಗುರುವಾರದ ತರಗತಿಗೆ ಮೂರು ಗೆರೆಗಳನ್ನೂ ಎಳೆದುಕೊಂಡು ಹೋಗುವೆ, ಬಾಂಡಾದ ವಿಷಯವನ್ನೂ ಬಿಡುವುದಿಲ್ಲ. ಲಾಕೆನ್‌ಹಾಲ್‌ನ ಸೀಸದ ಮುದ್ರೆಯ ಚಿತ್ರವೊಂದು ನಿಮ್ಮ ಬಳಿ ಇದ್ದರೆ ದಯವಿಟ್ಟು ಇಲ್ಲಿ ಹಾಕಿ. ಆ ಹುಡುಗಿಗೆ ಮೊದಲು ಅದನ್ನು ತೋರಿಸಬೇಕೆಂದಿದ್ದೇನೆ.